ಅಪ್‌ಡೇಟ್: ಟೋಪಾಜ್ ಎರಡನೇ ಸಲ ನೋಡಿದೆ

ಹೋದ ವಾರ ಕೇಳಿದ್ನೆಲ್ರಿ, ಸೈಕೋ ಸಿನಿಮಾ ಮಾಡಿದ ಡೈರೆಕ್ಟರ್ ಹಿಚ್‌ಕಾಕ್ 1969ರಾಗ ಟೋಪಾಜ್ ಅನ್ನೋ ಗೂಢಚಾರಿ ಸಿನಿಮಾ ಯಾಕ ಇಷ್ಟು ಬ್ಯಾಸರ ಮಾಡ್ಯಾನ, ನನಗೇ ತಿಳೀಲಿಲ್ಲೇನು ಅಂತ. ಇನ್ನೊಮ್ಮೆ ನೋಡು ಅಂದ್ರಿ, ನಿನ್ನಿ ಈ ಕಲಬುರಗಿ ಬಿಸಲಾಗ ಕೂಲರ್ ಮುಂದ ಕುಂತು ಸುಸಲಾ ಮಿರ್ಚಿ ತಿನ್ಕೋತ ಪೂರಾ ನೋಡಿದೆ, ಕಾಕಾ ಅರ್ಧಕ್ಕೇ ಗೊರಕಿ ಹೊಡದ್ರು. ಒಂದು ಸೀನ್ ಮಾತ್ರ ಖರೇನೇ ಭಾರಿ ಅದ. ಕ್ಯೂಬಾದಾಗ ಹುವಾನಿತಾ ಅನ್ನೋ ಹೆಣ್ಮಗಳಿಗೆ ಗುಂಡು ಹೊಡದಾಗ ಕ್ಯಾಮೆರಾ ಮ್ಯಾಲಿಂದ ನೋಡ್ತದ, ಆಕಿ ನೇರಳೆ ಗೌನ್ ನೆಲದ ಮ್ಯಾಲ ಹೂ ಬಿಚ್ಚಿದಂಗ, ಅಲ್ಲ, ರಕ್ತ ಹರದಂಗ ಹರಡ್ತದ. ಮುಂದ ಬರೇ ಮಾತೇ ಮಾತು. ಕ್ಲೈಮ್ಯಾಕ್ಸ್ ಮೂರು ನಮೂನಿ ತಗದಿದ್ರಂತ, ಸ್ಟೇಡಿಯಂನಾಗಿನ ಡ್ಯೂಯಲ್, ಅಂದ್ರ ಇಬ್ಬರ ಪಿಸ್ತೂಲ್ ಕಾಳಗ, ರಿಲೀಸ್‌ಗಿಂತ ಮೊದಲು ಪ್ರಿವ್ಯೂ ನೋಡಿದ ಮಂದಿಗೆ ಸೇರಲಿಲ್ಲಂತ. ನಾ ನೋಡಿದ್ರಾಗ ಕಥಿಯೊಳಗಿನ ದ್ರೋಹಿನೇ ಆರಾಮ ವಿಮಾನ ಹತ್ತಿ ಹೋಗ್ತಾನ, ಅಷ್ಟೊತ್ತಿಗೆ ಕಾಕಾ ಎದ್ದು ‘ಮುಗೀತೇನೋ?’ ಅಂದ್ರು.