ಪದಚರ್ಚೆ: ದೂರದರ್ಶಕದ ಮೂರು ಬಗೆಯ ‘ಹೊಂದಿಸುವಿಕೆ’ಗೆ ಬೇರೆ ಬೇರೆ ಪದಗಳು

ಮಾನ್ಯರೆ,

ಪುಣೆಯ ಕನ್ನಡ ಕುಟುಂಬಗಳ ಮಕ್ಕಳಿಗಾಗಿ ನಾವು ಕೆಲವರು ಮಳೆಗಾಲ ಕಳೆದ ಮೇಲೆ ಪಾನಶೇತದ ಕಡೆ ಆಕಾಶವೀಕ್ಷಣೆ ನಡೆಸುತ್ತೇವೆ. ಅಲ್ಲಿಗೆ ಒಯ್ಯುವ 12 ಇಂಚು ಅಗಲದ ಕನ್ನಡಿಯ ಡಾಬ್ಸೋನಿಯನ್ (ನೆಲದ ಮೇಲಿಟ್ಟ ಸರಳ ಪೀಠದಲ್ಲಿ ಅಡ್ಡಕ್ಕೂ ಮೇಲೆ-ಕೆಳಕ್ಕೂ ತಿರುಗುವ) ದೂರದರ್ಶಕಕ್ಕೆ ಕನ್ನಡದಲ್ಲಿ ಕೈಪಿಡಿಯೊಂದನ್ನು ಬರೆಯುತ್ತಿದ್ದು, ಸದ್ಯಕ್ಕೆ ‘ಅಲೈನ್‌ಮೆಂಟ್’ ಎಂಬ ಪದದ ಬಳಿ ಕೆಲಸ ನಿಂತಿದೆ. ಇದನ್ನು ‘ಹೊಂದಿಸುವುದು’ ಎಂದು ಬರೆಯುವುದು ನಮ್ಮಲ್ಲಿ ರೂಢಿ. ಆದರೆ ದೂರದರ್ಶಕದ ಮಟ್ಟಿಗೆ ಈ ಒಂದೇ ಮಾತು ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕೆಲಸಗಳಿಗೆ ಬಳಕೆಯಾಗುತ್ತಿದೆ. ಕರಡು ಪ್ರತಿಯಲ್ಲಿ ‘ಮೊದಲು ದೂರದರ್ಶಕವನ್ನು ಹೊಂದಿಸಿ’ ಎಂದು ಓದಿದ ಹುಡುಗನೊಬ್ಬ, ಕೈಯಲ್ಲಿದ್ದ ನಿಯಂತ್ರಕದ ಗುಂಡಿ ಒತ್ತುವ ಬದಲು ಕೊಳವೆಯ ಹಿಂಬದಿಗೆ ಹೋಗಿ ಕನ್ನಡಿಯ ತಿರುಪುಗಳನ್ನು ತಿರುಗಿಸತೊಡಗಿದ್ದನ್ನು ಕಂಡ ಮೇಲೆ, ಇವುಗಳಿಗೆ ಪ್ರತ್ಯೇಕ ಪದಗಳು ಬೇಕೇ ಬೇಕು ಎನಿಸಿದೆ.

ಆ ಹುಡುಗ ಕೈಹಾಕಿದ್ದು ಮೊದಲನೆಯ ಕೆಲಸಕ್ಕೆ. ನಮ್ಮ ಡಾಬ್ಸೋನಿಯನ್‌ನಂಥ ನ್ಯೂಟನ್ ಮಾದರಿಯ ದೂರದರ್ಶಕದಲ್ಲಿ ತಳದ ದೊಡ್ಡ ನಿಮ್ನ ದರ್ಪಣವೂ ಮೇಲ್ತುದಿಯ ಚಿಕ್ಕ ಓರೆಗನ್ನಡಿಯೂ ಕಣ್ಣಿಟ್ಟು ನೋಡುವ ಮಸೂರವಾದ ನೇತ್ರಕವೂ ಒಂದೇ ಬೆಳಕಿನ ಹಾದಿಯಲ್ಲಿ ಇರಬೇಕು. ವಾಹನದ ಕುಲುಕಾಟದಲ್ಲಿ ಇದು ತಪ್ಪುತ್ತದೆ. ನೇತ್ರಕದ ಜಾಗದಲ್ಲಿ ಸಣ್ಣ ತೂತಿನ ಮುಚ್ಚಳ ಹಾಕಿ ಇಣುಕಿ, ದೊಡ್ಡ ಕನ್ನಡಿಯ ನಡುವೆ ಅಂಟಿಸಿರುವ ಪುಟ್ಟ ಉಂಗುರದ ಗುರುತು ಸರಿಯಾಗಿ ಮಧ್ಯಕ್ಕೆ ಬರುವ ತನಕ ಹಿಂಬದಿಯ ತಿರುಪುಗಳನ್ನು ಒಂದಿಷ್ಟೇ ಆಡಿಸಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ‘ಕಾಲಿಮೇಶನ್’ ಎಂಬ ಬೇರೆ ಹೆಸರೇ ಇದೆ. ನಾವು ಮಾತ್ರ ಇದನ್ನೂ ಹೊಂದಿಸುವುದು ಎಂದೇ ಕರೆಯುತ್ತಿದ್ದೇವೆ. ‘ಕನ್ನಡಿ ನೇರ್ಪಡಿಸುವುದು’ ಎಂದರೆ ಸಾಕಲ್ಲವೆ ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ದೂರದರ್ಶಕದ ನಿಯಂತ್ರಕದಲ್ಲಿರುವ ಗಣಕದ್ದು. ದಿಗಂಶ (ದಿಗಂತದ ಗುಂಟ ಅಳೆಯುವ ಕೋನ) ಮತ್ತು ಉನ್ನತಿಯ (ದಿಗಂತದಿಂದ ಮೇಲಕ್ಕೆ ಅಳೆಯುವ ಕೋನ) ಎರಡು ಅಕ್ಷಗಳಲ್ಲಿ ದೂರದರ್ಶಕ ಎಷ್ಟು ತಿರುಗಿದೆ ಎಂಬುದನ್ನು ಎಣಿಸುವ ಸಾಧನ ಇದ್ದರೂ, ಎಣಿಕೆ ಎಲ್ಲಿಂದ ಆರಂಭವಾಗಬೇಕು ಎಂಬುದು ಗಣಕಕ್ಕೆ ತಾನಾಗಿ ತಿಳಿಯುವುದಿಲ್ಲ. ದಿನಾಂಕ, ಸಮಯ, ಸ್ಥಳಗಳನ್ನು ಕೊಟ್ಟು, ಒಂದಕ್ಕೊಂದು ಸಾಕಷ್ಟು ದೂರವಿರುವ ಎರಡು ನಕ್ಷತ್ರಗಳನ್ನು, ಉದಾಹರಣೆಗೆ ವಸಂತದ ರಾತ್ರಿಯಲ್ಲಿ ಮಘಾ ಮತ್ತು ಸ್ವಾತಿಯನ್ನು, ಒಂದಾದ ಮೇಲೊಂದರಂತೆ ನೇತ್ರಕದ ನಡುವೆ ತಂದು ‘ಇದು ಇಂಥದ್ದು’ ಎಂದು ನಾವೇ ತಿಳಿಸಿದ ಮೇಲೆ, ಅದು ತನ್ನ ಪಟ್ಟಿಯಲ್ಲಿರುವ ಉಳಿದ ಕಾಯಗಳ ದಿಕ್ಕನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಇಲ್ಲಿ ನಾವು ಯಾವ ಭಾಗವನ್ನೂ ಹೊಂದಿಸುತ್ತಿಲ್ಲ. ಗಣಕಕ್ಕೆ ಆಕಾಶದ ಪರಿಚಯ ಮಾಡಿಕೊಡುತ್ತಿದ್ದೇವೆ. ಆದ್ದರಿಂದ ‘ನಕ್ಷತ್ರ ಗುರುತು ಕೊಡುವುದು’ ಎಂಬ ಪ್ರಯೋಗ ನನಗೆ ಹೆಚ್ಚು ಒಪ್ಪಿಗೆಯಾಗಿದೆ. ಹೊಸ ಉಪಕರಣಗಳಲ್ಲಿ ಕ್ಯಾಮೆರಾ ತೆಗೆದ ಚಿತ್ರದ ನಕ್ಷತ್ರವಿನ್ಯಾಸವನ್ನು ಪಟ್ಟಿಯೊಡನೆ ಹೋಲಿಸಿ ಗಣಕವೇ ತನ್ನ ದಿಕ್ಕನ್ನು ಕಂಡುಕೊಳ್ಳುತ್ತದೆ. ಅದನ್ನು ‘ಗುರುತು ಹಿಡಿಯುವುದು’ ಎನ್ನಬಹುದು. ಕೊಡುವುದು, ಹಿಡಿಯುವುದು ಎಂಬ ಕ್ರಿಯಾಪದಗಳಿಂದಲೇ ಯಾರು ಮಾಡುವ ಕೆಲಸ ಎಂಬುದು ಸ್ಪಷ್ಟವಾಗುತ್ತದೆ.

ಮೂರನೆಯದು ನಮ್ಮ ಡಾಬ್ಸೋನಿಯನ್‌ಗೆ ಬೇಡವಾದರೂ ಕೈಪಿಡಿಯಲ್ಲಿ ಹೇಳಬೇಕಾದದ್ದು: ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ನಿಲ್ಲಿಸುವ ಪೀಠದ ಅಕ್ಷವನ್ನು ಆಕಾಶದ ಉತ್ತರ ಧ್ರುವದತ್ತ, ಅಂದರೆ ಪುಣೆಯಲ್ಲಿ ದಿಗಂತದಿಂದ ಸುಮಾರು 18.5 ಡಿಗ್ರಿ ಎತ್ತರಕ್ಕೆ, ತಿರುಗಿಸುವುದು. ‘ಧ್ರುವಮುಖ ಮಾಡುವುದು’ ಎಂಬುದು ಸಹಜವಾಗಿ ಕೇಳುತ್ತದೆ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ತೊಡಕಿದೆ. ಬೇಕಾದ ಕಾಯವನ್ನು ಆಯ್ದರೆ ಮೋಟಾರಿನಿಂದ ತಾನೇ ಅದರತ್ತ ತಿರುಗುವ ‘ಗೋ-ಟು’ ದೂರದರ್ಶಕವನ್ನು ಕೆಲವರು ‘ಸ್ವಯಂಚಾಲಿತ’ ಎನ್ನುತ್ತಾರೆ. ಆದರೆ ಆಕಾಶದ ಚಲನೆಗೆ ತಕ್ಕಂತೆ ತಾನೇ ತಿರುಗುವ ದೂರದರ್ಶಕ ಹೊಸದಲ್ಲ. 1824ರಲ್ಲಿ ಡೋರ್‌ಪಾಟ್‌ನಲ್ಲಿ (ಇಂದಿನ ಎಸ್ಟೋನಿಯಾದ ತಾರ್ತು) ನೆಲೆಗೊಂಡ, ಜರ್ಮನಿಯ ಮಸೂರ ತಯಾರಕ ಫ್ರಾನ್‌ಹೋಫರ್ ನಿರ್ಮಿತ ದೂರದರ್ಶಕಕ್ಕೇ ಗಡಿಯಾರದ ಯಂತ್ರವಿತ್ತು. ಅದು ಹಿಂಬಾಲಿಸುತ್ತಿತ್ತು, ಹುಡುಕುತ್ತಿರಲಿಲ್ಲ. ಹಿಂಬಾಲನೆಯ ಬೆಲೆ ಬಳಸಿದವರಿಗೆ ಗೊತ್ತು: ಅದಿಲ್ಲದೆ 60 ಪಟ್ಟು ವರ್ಧನೆಯಲ್ಲಿ ನೋಡುವಾಗ ಕಾಯವು ಮೂರು-ನಾಲ್ಕು ನಿಮಿಷಗಳಲ್ಲಿ ನೋಟದಿಂದ ಜಾರಿಹೋಗುತ್ತದೆ. ಇತ್ತ ‘ಪುಶ್-ಟು’ ಬಗೆಯಲ್ಲಿ ಮೋಟಾರೇ ಇಲ್ಲ. ಪರದೆಯ ಮೇಲಿನ ಬಾಣ ತೋರಿದತ್ತ ನಾವು ಕೈಯಿಂದ ತಳ್ಳಬೇಕು. ‘ತಾನೇ ಹುಡುಕುವ’, ‘ದಾರಿ ತೋರುವ’, ‘ಹಿಂಬಾಲಿಸುವ’ ಎಂಬ ವಿಶೇಷಣಗಳು ಈ ಮೂರನ್ನೂ ಬೇರ್ಪಡಿಸುತ್ತವೆ ಎಂದು ನಂಬಿದ್ದೇನೆ.

‘ದೂರದರ್ಶಕ’ ಎಂಬುದರ ಬಗ್ಗೆ ತಕರಾರಿಲ್ಲ. ಇಲ್ಲಿ ಮರಾಠಿಯ ‘ದುರ್ಬೀಣ್’ ಕೇಳಿಯೇ ಬೆಳೆದ ನಮ್ಮ ಮಕ್ಕಳು ಸಲೀಸಾಗಿ ‘ದುರ್ಬೀನು’ ಎನ್ನುತ್ತಾರೆ. ಪಾರಸಿಯಿಂದ ಬಂದ ಆ ಪದ ಕನ್ನಡಕ್ಕೂ ಹಳೆಯದೇ ಆದ್ದರಿಂದ ಎರಡನ್ನೂ ಉಳಿಸಿಕೊಂಡಿದ್ದೇನೆ.

ಬಲ್ಲವರಲ್ಲಿ ನನ್ನ ಕೋರಿಕೆ ಇಷ್ಟು: ‘ಕನ್ನಡಿ ನೇರ್ಪಡಿಸುವುದು’ ಮತ್ತು ‘ನಕ್ಷತ್ರ ಗುರುತು ಕೊಡುವುದು’ ಎಂಬುವಕ್ಕೆ ಇನ್ನೂ ಚಿಕ್ಕದಾದ, ಹನ್ನೆರಡು ವರ್ಷದ ಮಗುವಿಗೆ ಓದಿದೊಡನೆ ತಿಳಿಯುವ ನಾಮಪದಗಳಿದ್ದರೆ ದಯವಿಟ್ಟು ತಿಳಿಸಿ. ಗಡಿಯಾರ, ತಕ್ಕಡಿ ಮೊದಲಾದವುಗಳ ರಿಪೇರಿ ಮಾಡುವ ಕುಶಲಕರ್ಮಿಗಳ ಮಾತಿನಲ್ಲಿ ಇಂಥ ಪದಗಳಿದ್ದರೆ ಅವನ್ನೇ ಮೊದಲು ಪರಿಗಣಿಸುವ ಇಚ್ಛೆ ನನ್ನದು.