ಹಳೆ ಡೀಸೆಲ್ ಕಾರು ಬೆಟ್ಟದಲ್ಲಿ ಬಿಸಿಯಾಗುತ್ತಿದೆ, ಸಹಾಯ ಬೇಕು

ಚಿಕ್ಕಬಳ್ಳಾಪುರದಲ್ಲಿ ಹಳೆ ಡೀಸೆಲ್ ಕಾರಿನ ಕೆಲಸ ಗೊತ್ತಿರುವ ಒಳ್ಳೆ ಮೆಕ್ಯಾನಿಕ್ ಇದ್ದರೆ ಹೇಳಿ. ನಮ್ಮದು 2009ರ ಗಾಡಿ. ಹೈವೇಯಲ್ಲಿ ಬಾಗೇಪಲ್ಲಿ ತನಕ ಹೋದರೂ ಟೆಂಪರೇಚರ್ ಮುಳ್ಳು ಅಲ್ಲಾಡುವುದಿಲ್ಲ, ಆದರೆ ನಂದಿ ಬೆಟ್ಟದ ತಿರುವುಗಳಲ್ಲಿ ಎರಡನೇ ಗೇರಿಗೆ ಬಂದರೆ ಸಾಕು, ಕೆಂಪು ಗೆರೆ ಹತ್ತಿರ ಹೋಗುತ್ತದೆ, ಎಸಿ ಆಫ್ ಮಾಡಿ ಹೀಟರ್ ಹಾಕಿದರೆ ಸ್ವಲ್ಪ ಇಳಿಯುತ್ತದೆ. ಫ್ಯಾನ್ ತಿರುಗುತ್ತಿದೆ. ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ಎಲ್ಲೂ ಸೋರುತ್ತಿಲ್ಲ, ಆಯಿಲ್ ಕೂಡ ಹಾಲಿನ ಬಣ್ಣಕ್ಕೆ ತಿರುಗಿಲ್ಲ, ಹಾಗಾಗಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಹೋಗಿರಲಿಕ್ಕಿಲ್ಲ ಅನಿಸುತ್ತದೆ, ಆದರೂ ಇಷ್ಟರಿಂದಲೇ ಖಚಿತವಾಗಿ ಹೇಳಲಾಗದು. ಹಿಂದಿನ ಓನರ್ ಕೂಲೆಂಟ್ ಬದಲು ಬೋರ್‌ವೆಲ್ ನೀರನ್ನೇ ತುಂಬಿಸುತ್ತಿದ್ದರಂತೆ. ರೇಡಿಯೇಟರ್ ಮುಚ್ಚಳದ ಒಳಗೆ ಬಿಳಿ ಹಕ್ಕಳೆ ಕಟ್ಟಿದೆ, ನಮ್ಮ ಕಡೆಯ ಗಡಸು ನೀರು ಗೊತ್ತಲ್ವಾ. ಗ್ಯಾರೇಜಿನವರು ಥರ್ಮೋಸ್ಟಾಟ್ (ಎಂಜಿನ್ ಬೆಚ್ಚಗಾಗುವ ತನಕ ಕೂಲೆಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್) ಕಿತ್ತು ಬಿಸಾಕಿ ಅನ್ನುತ್ತಾರೆ. ನನಗೇನೋ ಒಪ್ಪಿಗೆಯಿಲ್ಲ, ಅದು ಇಲ್ಲದಿದ್ದರೆ ಎಂಜಿನ್ ಸರಿಯಾಗಿ ಬೆಚ್ಚಗಾಗದೆ ಸುಮ್ನೆ ಡೀಸೆಲ್ ಜಾಸ್ತಿ ಕುಡಿಯುತ್ತದೆ. ರೇಡಿಯೇಟರ್ ಬಿಚ್ಚಿಸಿ ಒಳಗೆ ಕ್ಲೀನ್ ಮಾಡಿಸಿದರೆ ಸಾಕಾ, ಹೊಸದೇ ಹಾಕಿಸಬೇಕಾ?