ಸಹಾಯ ಬೇಕು: ಅಲಾರಾಂ ಹೊಡೆಯುವಷ್ಟರಲ್ಲಿ ನನ್ನ ಕವಿತೆ ಮುಗಿಯುವುದೇ ಇಲ್ಲ

ನಾವು ಐದು ಜನ ಗೆಳೆಯರು ವಾರಕ್ಕೊಮ್ಮೆ ಸೇರಿ ಆಶುಕವಿತೆ ಬರೆಯುತ್ತೇವೆ. ಒಬ್ಬರು ಒಂದು ಪದ ಕೊಡುತ್ತಾರೆ. ಮೊಬೈಲಿನಲ್ಲಿ 15 ನಿಮಿಷಕ್ಕೆ ಅಲಾರಾಂ ಇಡುತ್ತೇವೆ. ಅದು ಬಡಿದುಕೊಂಡ ಕೂಡಲೇ ಬರೆದಷ್ಟನ್ನು ಗಟ್ಟಿಯಾಗಿ ಓದಬೇಕು, ತಿದ್ದುವಂತಿಲ್ಲ.

ಉಳಿದವರು ಹೇಗೋ ಮುಗಿಸುತ್ತಾರೆ. ನನ್ನದು ಮಾತ್ರ ಪ್ರತಿ ಸಲವೂ ಅರ್ಧಂಬರ್ಧ. ಕಳೆದ ವಾರದ ಪದ ‘ಕಿಟಕಿ’. ಮೊದಲೆರಡು ಸಾಲು ಸರಸರನೆ ಬಂದವು. ಮೂರನೆಯದಕ್ಕೆ ಆದಿಪ್ರಾಸ (ಎಲ್ಲ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವ ಪ್ರಾಸ) ಹುಡುಕುತ್ತಾ ಕುಳಿತೆ. ಎರಡನೆಯ ಅಕ್ಷರ ಟಕಾರವೇ ಆಗಬೇಕು, ಅದರ ಹಿಂದಿನದು ಹ್ರಸ್ವವೇ ಇರಬೇಕು. ‘ನೋಟ’, ‘ಆಟ’ ಎರಡೂ ಹೊಂದಲಿಲ್ಲ. ಅಲಾರಾಂ ಹೊಡೆಯಿತು. ‘ಹಟ’ ಎಂಬ ಪದ ಸಲೀಸಾಗಿ ಕೂರುತ್ತಿತ್ತು ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು. ನನ್ನ ಹಟವೇ ನನಗೆ ಕಾಣಲಿಲ್ಲ ನೋಡಿ!

ಪ್ರಾಸ ಬಿಟ್ಟು ಬರೆದು ನೋಡಿದೆ. ಬೇಗ ಮುಗಿಯಿತು, ಆದರೆ ಓದಿದಾಗ ಗದ್ಯವನ್ನೇ ತುಂಡು ಮಾಡಿ ಜೋಡಿಸಿದಂತಿತ್ತು. ಆರು ಸಾಲಿನ ಛಂದಸ್ಸಾದ ಭಾಮಿನಿ ಷಟ್ಪದಿಯ ಲಯ ಹಿಡಿದರೆ 14 ಮಾತ್ರೆಗಳನ್ನು (ಅಕ್ಷರ ಉಚ್ಚರಿಸುವ ಕಾಲದ ಅಳತೆ) ಬೆರಳಲ್ಲಿ ಎಣಿಸುವುದಕ್ಕೇ ಅರ್ಧ ಸಮಯ ಹೋಯಿತು. ಕೊನೆಯ ಸಾಲನ್ನು ಮೊದಲು ಬರೆಯುವ ಉಪಾಯ ಒಮ್ಮೆ ಫಲಿಸಿತು, ಮತ್ತೆ ಇಲ್ಲ.

ಗಡುವಿನೊಳಗೆ ಬರೆದು ಅಭ್ಯಾಸವಿರುವವರು ದಯವಿಟ್ಟು ಹೇಳಿ: ಪ್ರಾಸವನ್ನೂ ಲಯವನ್ನೂ ಮೊದಲ ಸಾಲಿಗೆ ಮುಂಚೆಯೇ ನಿರ್ಧರಿಸುತ್ತೀರೋ, ಬರೆಯುತ್ತಾ ಕಂಡುಕೊಳ್ಳುತ್ತೀರೋ? ನಡುವೆ ಒಂದು ಸಾಲು ಸಿಕ್ಕಿಹಾಕಿಕೊಂಡರೆ ಅಲ್ಲಿ ಖಾಲಿ ಬಿಟ್ಟು ಮುಂದೆ ಹೋಗುತ್ತೀರೋ, ಹಿಂದಿನ ಸಾಲನ್ನೇ ಬದಲಿಸುತ್ತೀರೋ?